ಸುಮ್ನೆ ಇಟ್ಟರೂ ಕಾಯುವ ಹೊಸ ಲ್ಯಾಪ್‌ಟಾಪ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬಿಸಿಯದ್ದೇ. ಬೇಸಿಗೆ ಅಲ್ವಾ. ದಾವಣಗೆರೆಯ ಅಶೋಕ ರಸ್ತೆ ಹಿಂದಿನ ನನ್ನ ಚಿಕ್ಕ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಸ್ಕ್ರೂಡ್ರೈವರ್ ಕೂಡ ಬೆಚ್ಚಗಿರುತ್ತದೆ. ಒಂದು ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಉಳಿದವಕ್ಕೆ ಚಿಕ್ಕದು.

ಪ್ರಶ್ನೆ: ಅಣ್ಣಾ, ನಾನು ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. 9 ದಿನದ ಹಿಂದೆ ಹೊಸ ಲ್ಯಾಪ್‌ಟಾಪ್ ತಗೊಂಡೆ. ಇಂಟೆಲ್ ಐ5 1335ಯು ಪ್ರೊಸೆಸರ್ ಚಿಪ್ಪು, 16 ಜಿಬಿ ರ‍್ಯಾಮ್, ಮೈಯೆಲ್ಲ ಅಲ್ಯೂಮಿನಿಯಂ. ನಾನು ಮಾಡೋದು ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡೋದು, ಯೂಟ್ಯೂಬಲ್ಲಿ ಗಣಿತದ ವಿಡಿಯೊ ನೋಡೋದು, ಅಷ್ಟೇ. ಆದರೂ ಹತ್ತು ನಿಮಿಷಕ್ಕೆ ಕೀಬೋರ್ಡಿನ ಮೇಲ್ಗಡೆ ಮುಟ್ಟೋಕೆ ಆಗದಷ್ಟು ಕಾಯುತ್ತದೆ. ಫ್ಯಾನ್ ಮಂಡಕ್ಕಿ ಭಟ್ಟಿ ಥರ ಸದ್ದು ಮಾಡುತ್ತದೆ. ಮಾರಿದ ಅಂಗಡಿಯವರು "ಹೊಸದರಲ್ಲಿ ಹಂಗೇ ಮೇಡಂ" ಅಂದರು. ನಮ್ಮನೆಯವರು ನುಡಿ ಹಾಕಿದ್ದಕ್ಕೇ ಹೀಗಾಗಿದ್ದು ಅಂತಾರೆ. ನನ್ನ ತಮ್ಮ ಚಿಪ್ಪಿನ ಮೇಲೆ ಶಾಖ ದಾಟಿಸುವ ಪೇಸ್ಟ್ ಹಾಕಿಸು ಅಂತಾನೆ. ಕೆಳಗಿಡುವ ಫ್ಯಾನಿನ ಕೂಲಿಂಗ್ ಪ್ಯಾಡ್ ತಗೊಳ್ಳಲಾ, ಇಲ್ಲ ವಾಪಸ್ ಕೊಡಲಾ?
– ನಿಟ್ಟುವಳ್ಳಿಯ ಓದುಗರು, ದಾವಣಗೆರೆ

ಉತ್ತರ: ಅಕ್ಕ, ಮೊದಲು ನುಡಿ ಮೇಲಿನ ಅಪವಾದ ತೆಗೆಯೋಣ. ಅದು ತುಂಬಾ ಹಗುರದ ತಂತ್ರಾಂಶ. 256 ಎಂಬಿ ರ‍್ಯಾಮ್ ಇದ್ದ ಹಳೇ ಡಬ್ಬಾಗಳಲ್ಲೂ ನಾನದನ್ನು ಓಡಿಸಿದ್ದೇನೆ. ನಿಮ್ಮ ಲ್ಯಾಪ್‌ಟಾಪಿಗೆ ಅದು ಆನೆ ಬೆನ್ನ ಮೇಲೆ ನೊಣ ಕೂತಂತೆ. ಮನೆಯವರಿಗೆ ಹೇಳಿಬಿಡಿ.

ಇನ್ನು ಅಂಗಡಿಯವರು ಹೇಳಿದ್ದು ಅರ್ಧ ನಿಜ. ಯಾವ ಅರ್ಧ ಅನ್ನೋದನ್ನು ನೀವೇ ಮನೆಯಲ್ಲಿ ಕೂತು ಕಂಡುಹಿಡಿಯಬಹುದು. ಆದರೆ ಅದಕ್ಕೂ ಮುಂಚೆ ಬಿಲ್ ತೆಗೆದು, ವಾಪಸ್ಸಿಗೆ ಅಥವಾ ಬದಲಿಗೆ ಎಷ್ಟು ದಿನ ಗಡುವು ಅಂತ ಇವತ್ತೇ ಓದಿ. ಗಡುವು ಮುಗಿದ ಮರುದಿನ ನನ್ನ ಅಂಗಡಿ ಬಾಗಿಲಿಗೆ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ನಮ್ಮಪ್ಪ ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದವರು. ಹಿಟ್ಟಿನ ಗಿರಣಿ ಮೋಟಾರು ಓಡುವಾಗ ಅದರ ಮೈಮೇಲೆ ಅಂಗೈ ಇಟ್ಟು ಹತ್ತು ಎಣಿಸುತ್ತಿದ್ದರು. ಹತ್ತರವರೆಗೂ ಕೈ ನಿಂತರೆ ಮೋಟಾರು ಸರಿ. ಐದಕ್ಕೇ ಕಿತ್ತುಕೊಂಡರೆ ವೈಂಡಿಂಗಿಗೆ ಗ್ರಹಚಾರ. ಎಷ್ಟೋ ವರ್ಷ ನಾನೂ ಲ್ಯಾಪ್‌ಟಾಪನ್ನು ಹೀಗೇ ಮುಟ್ಟಿ ನೋಡುತ್ತಿದ್ದೆ. ಈ ಲೆಕ್ಕ ಲ್ಯಾಪ್‌ಟಾಪಿಗೆ ನಡೆಯುವುದಿಲ್ಲ. ಕಾಫಿಯನ್ನು ಸ್ಟೀಲ್ ಲೋಟದಲ್ಲಿ ಕೊಟ್ಟರೆ ಬೆರಳು ಸುಡುತ್ತದೆ, ಅದೇ ಕಾಫಿ ದಪ್ಪ ಪಿಂಗಾಣಿ ಕಪ್ಪಿನಲ್ಲಿದ್ದರೆ ಹಿಡಿಯಬಹುದು. ಹಾಗೇ ಅಲ್ಯೂಮಿನಿಯಂ ಮೈ ಒಳಗಿನ ಬಿಸಿಯನ್ನು ನಿಮ್ಮ ಬೆರಳಿಗೆ ಬೇಗ ದಾಟಿಸುತ್ತದೆ. ಪ್ಲಾಸ್ಟಿಕ್ ಮೈ ಅದನ್ನು ಮುಚ್ಚಿಡುತ್ತದೆ. ಮುಟ್ಟಿದರೆ ತಣ್ಣಗಿರುವ ಪ್ಲಾಸ್ಟಿಕ್ ಲ್ಯಾಪ್‌ಟಾಪ್ ಒಳಗೆ ಇನ್ನೂ ಜಾಸ್ತಿ ಕಾದಿರಬಹುದು.

ಅದಕ್ಕೇ ಅಂಗೈ ಇಡಬೇಕಾದ ಜಾಗವೇ ಬೇರೆ. ಪರದೆಯ ಕೀಲಿನ ಹತ್ತಿರವೋ ಪಕ್ಕದಲ್ಲೋ ಗಾಳಿ ಹೊರಗೆ ಬರುವ ಕಿಂಡಿ ಇರುತ್ತದೆ. ಫ್ಯಾನ್ ಸದ್ದು ಮಾಡುವಾಗ ಅದರ ಮುಂದೆ ನಾಲ್ಕು ಬೆರಳು ದೂರದಲ್ಲಿ ಅಂಗೈ ಹಿಡಿಯಿರಿ. ಬಿಸಿಗಾಳಿ ಜೋರಾಗಿ ಬಡಿದರೆ ಸಂತೋಷಪಡಿ. ಒಳಗಿನ ಶಾಖ ಹೊರಗೆ ಬರುತ್ತಿದೆ, ಫ್ಯಾನ್ ಅದರ ಕೆಲಸ ಮಾಡುತ್ತಿದೆ ಅಂತ ಅರ್ಥ. ಮೈ ಸುಡುತ್ತಿದೆ, ಸದ್ದೂ ಇದೆ, ಆದರೆ ಕಿಂಡಿಯಿಂದ ಬರೋದು ಸಪ್ಪೆ ಗಾಳಿ ಅಂದ್ರೆ ಯೋಚನೆ ಮಾಡಬೇಕು. ಅಲ್ಲಿ ಚಿಪ್ಪಿನ ಶಾಖ ಫ್ಯಾನಿನ ತನಕ ಮುಟ್ಟುತ್ತಲೇ ಇಲ್ಲ. ಇಲ್ಲವೇ ಕೆಳಗಿನಿಂದ ಗಾಳಿ ಒಳಗೆ ಹೋಗಲು ದಾರಿ ಇಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ. ಹಿಂದೆ ದೇವರ ಮನೆಯಲ್ಲಿ ಜೀರೋ ಕ್ಯಾಂಡಲ್ ಬಲ್ಬ್ ಹಾಕುತ್ತಿದ್ದೆವಲ್ಲ, ಹೆಸರಿಗೆ ಜೀರೋ, ತಿನ್ನುತ್ತಿದ್ದದ್ದು ಹೆಚ್ಚುಕಮ್ಮಿ 15 ವ್ಯಾಟ್. ನಿಮ್ಮ 1335ಯು ಚಿಪ್ಪಿನ ಮೂಲ ಲೆಕ್ಕವೂ 15 ವ್ಯಾಟೇ. ಆದರೆ ಅದಕ್ಕೆ ಟರ್ಬೊ ಅಂತ ಒಂದಿದೆ. ಜೋರು ಕೆಲಸ ಬಂದಾಗ ಸ್ವಲ್ಪ ಹೊತ್ತು 55 ವ್ಯಾಟ್‌ವರೆಗೆ ಏರಲು ಇಂಟೆಲ್ ಅವಕಾಶ ಕೊಟ್ಟಿದೆ. ಅಂದ್ರೆ ಹಳೇ 60 ಕ್ಯಾಂಡಲ್ ಬಲ್ಬಿನ ಹತ್ತಿರ ಹತ್ತಿರ. ಉರಿಯುವ 60ರ ಬಲ್ಬನ್ನು ಬರಿಗೈಲಿ ಬಿಚ್ಚಲು ಹೋದವರಿಗೆ ಗೊತ್ತು ಅದರ ಬಿಸಿ. ಆ ಬಿಸಿ ಇಲ್ಲಿ ಉಗುರಿನಷ್ಟು ಅಗಲದ ಸಿಲಿಕಾನ್ ತುಂಡಿನಿಂದ ಹೊರಡುತ್ತದೆ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ನೀವು ಜೀರೋ ಬಲ್ಬಿನ ಕೆಲಸ ಮಾಡಿಸುತ್ತಿರುವಾಗ 60ರ ಬಲ್ಬನ್ನು ಹಚ್ಚಿದವರು ಯಾರು?

ಇವತ್ತು ರಾತ್ರಿ ಹೀಗೆ ಮಾಡಿ. ಎಲ್ಲ ಮುಚ್ಚಿ, ಲ್ಯಾಪ್‌ಟಾಪ್ ಒಮ್ಮೆ ರೀಸ್ಟಾರ್ಟ್ ಮಾಡಿ, ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸಿಪಿಯು (ಅದೇ ಪ್ರೊಸೆಸರ್ ಚಿಪ್ಪು) ಅಂತ ಇರುವ ತಲೆಪಟ್ಟಿ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ತಿನ್ನುವವರು ಮೇಲೆ ಬರುತ್ತಾರೆ. ಏನೂ ಕೆಲಸ ಕೊಡದಿದ್ದಾಗ ಒಟ್ಟು ಶೇಕಡ 5ರ ಆಸುಪಾಸು ಆಡುತ್ತಿರಬೇಕು. ಅಲ್ಲಿ 30, 40 ಅಂತ ನಿಂತಿದ್ದರೆ ನಿಮ್ಮ ಬೆನ್ನ ಹಿಂದೆ ಯಾರೋ ದುಡಿಯುತ್ತಿದ್ದಾರೆ.

ಹೊಸ ಲ್ಯಾಪ್‌ಟಾಪಿನಲ್ಲಿ ಇವರು ಯಾರು ಅನ್ನೋದು ಹೆಚ್ಚುಕಮ್ಮಿ ಗೊತ್ತಿರುವ ವಿಷಯ. ವಿಂಡೋಸ್ ಅಪ್‌ಡೇಟ್ ಒಬ್ಬ. ಹಳೇ ಪೆನ್‌ಡ್ರೈವಿಂದ ಸುರಿದ ಫೋಟೊ, ಫೈಲುಗಳಿಗೆಲ್ಲ ಹುಡುಕುಪಟ್ಟಿ ಬರೆಯುವ ಸರ್ಚ್ ಇಂಡೆಕ್ಸರ್ ಇನ್ನೊಬ್ಬ. ನಿಮ್ಮನ್ನು ಕೇಳಿಯೂ ಕೇಳದ ಹಾಗೆ ಡೆಸ್ಕ್‌ಟಾಪ್ ಫೋಲ್ಡರನ್ನು ಇಂಟರ್‌ನೆಟ್ಟಿಗೆ ಕಳಿಸುವ ಒನ್‌ಡ್ರೈವ್ ಮಗದೊಬ್ಬ. ಅಂಗಡಿಯವರು "ಹೊಸದರಲ್ಲಿ ಹಂಗೇ" ಅಂದಿದ್ದು ಇವರ ಬಗ್ಗೆಯಾದರೆ ಸರಿಯೇ. ಎರಡು ಮೂರು ದಿನ ಚಾರ್ಜರ್ ಹಾಕಿ, ಇಂಟರ್‌ನೆಟ್ ಕೊಟ್ಟು ಬಿಟ್ಟರೆ ಕೆಲಸ ಮುಗಿಸಿ ಮಲಗುತ್ತಾರೆ. ನಿಮಗೆ 9 ದಿನ ಆಗಿದೆ. ಅಷ್ಟರಲ್ಲಿ ಮಲಗಿರಬೇಕಿತ್ತು.

ಇನ್ನೊಂದು ಜೋಡಿ ಇದೆ, ಅದು ತಾನಾಗಿ ಮಲಗುವುದಿಲ್ಲ. ವಿಂಡೋಸಿನಲ್ಲೇ ಒಂದು ಆಂಟಿವೈರಸ್ ಇರುತ್ತದೆ. ಅದರ ಜೊತೆಗೆ 30 ದಿನ ಪುಕ್ಕಟೆ ಅಂತ ಇನ್ನೊಂದನ್ನು ತುಂಬಿಸಿ ಮಾರಿರುತ್ತಾರೆ. ಸಾಲದ್ದಕ್ಕೆ ಗುರುತಿನ ಹುಡುಗ ಮೂರನೆಯದನ್ನು ಹಾಕಿ ಕೊಡುತ್ತಾನೆ. ಹೊರಗಿನದು ಬಂದರೆ ವಿಂಡೋಸಿನದು ಸಾಮಾನ್ಯವಾಗಿ ತಾನಾಗಿ ಸುಮ್ಮನಾಗುತ್ತದೆ. ಉಳಿದದ್ದು ಒಂದು ಮನೆಗೆ ಇಬ್ಬರು ಗೂರ್ಖಾಗಳು, ಒಬ್ಬರನ್ನೊಬ್ಬರು ತಪಾಸಣೆ ಮಾಡುತ್ತಾ ಕೂತಿರುತ್ತಾರೆ. ವಿಂಡೋಸಿನದು ಸಾಕು ಅಕ್ಕ. ಉಳಿದವನ್ನು ತೆಗೆಸಿ.

ಯೂಟ್ಯೂಬ್ ನೋಡುವಾಗ ಬಿಸಿ ಅಂದಿರಲ್ಲ, ಅದಕ್ಕೊಂದು ಘಟನೆ. ಹೋದ ತಿಂಗಳು ಇಲ್ಲಿನ ಎಂಸಿಸಿ ಬಿ ಬ್ಲಾಕ್ ಬಡಾವಣೆಯಿಂದ ಡಿಗ್ರಿ ಓದುವ ಹುಡುಗ ಬಂದಿದ್ದ. ಅವನದೂ ಹೊಸ ಲ್ಯಾಪ್‌ಟಾಪೇ, ದೂರೂ ನಿಮ್ಮದೇ. ಕೌಂಟರ್ ಮೇಲಿಟ್ಟು ಒಂದು ವಿಡಿಯೊ ಹಚ್ಚು ಅಂದೆ. ಹಚ್ಚಿದ. ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರ್ ಒಂದೇ ಶೇಕಡ 60ಕ್ಕೆ ಹೋಗಿ ನಿಂತಿತು. ಒಂದು ವಿಡಿಯೊಗೆ ಅಷ್ಟು ಬೇಕಿಲ್ಲ. ವಿಡಿಯೊ ಬಿಡಿಸಲೆಂದೇ ಗ್ರಾಫಿಕ್ಸಿನಲ್ಲಿ ಬೇರೆ ಕುಶಲಕರ್ಮಿ ಇರುತ್ತಾನೆ, ಅವನು ತಣ್ಣಗೆ ಮಾಡಿ ಮುಗಿಸುತ್ತಾನೆ. "ಬ್ರೌಸರ್ ಸೆಟ್ಟಿಂಗ್ ಏನಾದ್ರೂ ಮುಟ್ಟಿದೀಯೇನೋ?" ಅಂದೆ. "ಇಲ್ಲ ಸರ್" ಅಂದ. ಕ್ರೋಮಿನ ಸೆಟ್ಟಿಂಗ್ಸ್, ಸಿಸ್ಟಮ್ ತೆಗೆದು ತೋರಿಸಿದೆ. ಗ್ರಾಫಿಕ್ಸ್ ಆಕ್ಸಲರೇಷನ್ ಬಳಸು ಅನ್ನುವ ಗುಂಡಿ ಆಫ್ ಆಗಿತ್ತು. ಆಗ ನೆನಪಾಯಿತು ಅವನಿಗೆ. ಪರದೆ ಮಿಣಮಿಣ ಅಂತಿತ್ತಂತೆ, ಗೆಳೆಯ ಆಫ್ ಮಾಡು ಅಂದಿದ್ದನಂತೆ. ಆನ್ ಮಾಡಿ, ಬ್ರೌಸರ್ ಮುಚ್ಚಿ ತೆಗೆದೆವು. ಅದೇ ವಿಡಿಯೊಗೆ ಶೇಕಡ 8 ತೋರಿಸಿತು. ಎದುರಿನ ಅಂಗಡಿಯಿಂದ ಟೀ ಬರುವಷ್ಟರಲ್ಲಿ ಫ್ಯಾನ್ ಸದ್ದು ನಿಂತಿತ್ತು. ಅವನಿಂದ ದುಡ್ಡು ತಗೊಳ್ಳಲಿಲ್ಲ, ಟೀ ಮಾತ್ರ ಅವನ ಲೆಕ್ಕ. ಪರದೆ ಮಿಣಮಿಣ ಅನ್ನೋದಕ್ಕೆ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕಿಕೊ ಅಂತ ಕಳಿಸಿದೆ.

ನೀವೂ ಆ ಗುಂಡಿ ನೋಡಿ. ಹಾಗೇ ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಒಳಗೆ ಪವರ್ ಮೋಡ್ ಅಂತ ಇದೆ. ಅದು ಬೆಸ್ಟ್ ಪರ್ಫಾರ್ಮೆನ್ಸ್ ಮೇಲಿದ್ದರೆ ಬ್ಯಾಲೆನ್ಸ್ಡ್‌ಗೆ ಇಳಿಸಿ. ನಿಮ್ಮ ಕೆಲಸಕ್ಕೆ ಬೆಸ್ಟ್ ಪವರ್ ಎಫಿಶಿಯೆನ್ಸಿ ಇಟ್ಟರೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಿಸಿ ಮಾತ್ರ ಇಳಿಯುತ್ತದೆ. ಪ್ರಶ್ನೆಪತ್ರಿಕೆ ಟೈಪ್ ಮಾಡೋಕೆ ಟರ್ಬೊ ಯಾಕೆ ಬೇಕು ಹೇಳಿ. ಪಕ್ಕದ ಬಾಡಾ ಕ್ರಾಸಿಗೆ ಹೋಗೋಕೆ ವೋಲ್ವೊ ಬಸ್ ಹತ್ತಿದಂತೆ. ಲ್ಯಾಪ್‌ಟಾಪ್ ಕಂಪನಿಯದೇ ಒಂದು ಆ್ಯಪ್ ಇರುತ್ತದೆ, ಅದರಲ್ಲಿ ಫ್ಯಾನಿಗೂ ಬೇರೆ ಮೋಡ್ ಇರಬಹುದು. ಎರಡೂ ಕಡೆ ನೋಡಿ, ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸಿದ್ದರೆ ಉಪಯೋಗ ಇಲ್ಲ.

ಇನ್ನು ನೀವು ಹೇಳದೇ ಬಿಟ್ಟ ಒಂದು ವಿಷಯ. ಲ್ಯಾಪ್‌ಟಾಪನ್ನು ಎಲ್ಲಿ ಇಡುತ್ತೀರಿ? ಹಾಸಿಗೆ ಮೇಲೆ, ದಿಂಬಿನ ಮೇಲೆ, ತೊಡೆ ಮೇಲೆ ಆದರೆ ಅರ್ಧ ಕಾಯಿಲೆ ಅಲ್ಲೇ ಇದೆ. ತಳದಲ್ಲಿರುವ ಸೀಳುಗಳಿಂದಲೇ ಅದು ಉಸಿರೆಳೆಯೋದು. ಅಲ್ಲಿ ಹತ್ತಿ ಬಟ್ಟೆ ಒತ್ತಿದರೆ ಉಸಿರು ಕಟ್ಟುತ್ತದೆ. ಒಬ್ಬರಂತೂ ಚೆಂದ ಕಾಣಲಿ ಅಂತ ಬಣ್ಣದ ಸ್ಟಿಕ್ಕರನ್ನು ತಳಕ್ಕೂ ಅಂಟಿಸಿ, ಸೀಳುಗಳನ್ನೆಲ್ಲ ಮುಚ್ಚಿಕೊಂಡು ತಂದಿದ್ದರು. ಬ್ಲೇಡ್ ತಗೊಂಡು ಅಷ್ಟಗಲ ಕೊಯ್ದೆ. ಅದೇ ರಿಪೇರಿ.

ಮನೆಯಲ್ಲಿ ಊಟದ ಮಣೆ ಇದ್ದರೆ ಅದರ ಮೇಲಿಡಿ. ಹಿಂಬದಿಯ ಎರಡು ಮೂಲೆಗೆ ನೀರಿನ ಬಾಟಲಿಯ ಮುಚ್ಚಳ ಒಂದೊಂದು ಕೊಟ್ಟು ಎತ್ತಿ. ಅಷ್ಟು ಸಂದು ಸಿಕ್ಕರೆ ಗಾಳಿ ಸಲೀಸಾಗಿ ಹೋಗುತ್ತದೆ. ಕೂಲಿಂಗ್ ಪ್ಯಾಡಿಗೆ ದುಡ್ಡು ಹಾಕುವ ಮುಂಚೆ ಒಂದು ವಾರ ಈ ಎರಡು ಮುಚ್ಚಳ ನೋಡಿ.

ಹವೆಯ ಮಾತೂ ಇದೆ. ಬಹುಪಾಲು ಲ್ಯಾಪ್‌ಟಾಪುಗಳ ಜೊತೆ ಬರುವ ಪುಸ್ತಕದಲ್ಲಿ ಸುತ್ತಲಿನ ಗಾಳಿ 35 ಡಿಗ್ರಿಯೊಳಗೆ ಇರಲಿ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಮ್ಮೂರ ಏಪ್ರಿಲ್ ಮಧ್ಯಾಹ್ನಕ್ಕೆ ಆ ಪುಸ್ತಕ ಓದಿ ಹೇಳುವವರು ಯಾರು? ಹೊರಗೆ 38 ದಾಟಿದ ದಿನ ಮೇಲಂತಸ್ತಿನ ಆರ್‌ಸಿಸಿ ಮನೆ, ಶೀಟಿನ ಕೋಣೆ ಸಂಜೆ ಆದರೂ ಕಾದೇ ಇರುತ್ತವೆ. ಫ್ಯಾನ್ ಅನ್ನೋದು ಕೋಣೆಯ ಗಾಳಿಯನ್ನೇ ಒಳಗೆ ಎಳೆದು ಬಿಡೋದು. ಕೋಣೆ ಗಾಳಿ 10 ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಇದೇ ಪರೀಕ್ಷೆ ಮಾಡಿ. ಬೆಳಿಗ್ಗೆ ಸಮಾಧಾನವಾಗಿದ್ದು ಮಧ್ಯಾಹ್ನ ಮಾತ್ರ ಒದ್ದಾಡಿದರೆ ಲ್ಯಾಪ್‌ಟಾಪಿನ ತಪ್ಪಲ್ಲ.

ಇಷ್ಟೆಲ್ಲ ಆದ ಮೇಲೂ ಅನುಮಾನ ಉಳಿದರೆ ಅಳೆದೇ ನೋಡಬೇಕು. ಎಚ್‌ಡಬ್ಲ್ಯುಇನ್ಫೋ ಅಂತ ಪುಕ್ಕಟೆ ತಂತ್ರಾಂಶ ಇದೆ. ಅದರಲ್ಲಿ ಸೆನ್ಸರ್ಸ್ ಮಾತ್ರ ತೆಗೆದು ಸಿಪಿಯು ಪ್ಯಾಕೇಜ್ ಅನ್ನುವ ಸಾಲು ನೋಡಿ. ಸುಮ್ನೆ ಇದ್ದಾಗ 40ರಿಂದ 55, ವಿಡಿಯೊ ನೋಡುವಾಗ 70ರ ಒಳಗೆ ಇದ್ದರೆ ಈ ಬೇಸಿಗೆಯಲ್ಲಿ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಏನಾದರೂ ತೆರೆದಾಗ ಒಂದು ಕ್ಷಣ 90 ಮುಟ್ಟಿ ಇಳಿದರೂ ಹೆದರಬೇಡಿ, ಅದು ಟರ್ಬೊ. ನಿಮ್ಮ ಚಿಪ್ಪಿಗೆ ಇಂಟೆಲ್ ಹಾಕಿದ ಗಡಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಸುಟ್ಟುಹೋಗುವುದಿಲ್ಲ.

ಆದರೆ ಬೆಳಗಿನ ತಂಪಿನಲ್ಲಿ, ಮಣೆ ಮೇಲೆ, ಟಾಸ್ಕ್ ಮ್ಯಾನೇಜರ್ ಶೇಕಡ 5 ಅಂತಿರುವಾಗಲೂ ಬಿಸಿ 85ರ ಮೇಲೇ ನಿಂತಿದ್ದರೆ? ಆಗ ಒಳಗೆ ಏನೋ ಸರಿಯಾಗಿ ಕೂತಿಲ್ಲ. ತಾಮ್ರದ ಕೊಳವೆಯನ್ನು ಚಿಪ್ಪಿಗೆ ಒತ್ತಿ ಹಿಡಿಯುವ ಸ್ಕ್ರೂ ಸಡಿಲ ಇರಬಹುದು, ಪೇಸ್ಟ್ ಸರಿಯಾಗಿ ಹರಡದೇ ಇರಬಹುದು, ಫ್ಯಾನ್ ಪೂರ್ತಿ ತಿರುಗದೇ ಇರಬಹುದು. ಅದನ್ನು ನಾನೂ ಬಿಚ್ಚಬಾರದು, ನಿಮ್ಮ ತಮ್ಮನೂ ಬಿಚ್ಚಬಾರದು. ಪೇಸ್ಟ್ ಹಾಕೋದು ನನ್ನ ಹೊಟ್ಟೆಪಾಡು, ಆದರೂ ಹೇಳುತ್ತೇನೆ: 9 ದಿನದ ಲ್ಯಾಪ್‌ಟಾಪಿಗೆ ಹೊರಗಡೆ ಪೇಸ್ಟ್ ಬೇಡ. ಒಮ್ಮೆ ಬಿಚ್ಚಿದ ಗುರುತು ಕಂಡರೆ ಮುಂದೆ ಪ್ರತಿಯೊಂದಕ್ಕೂ ಅದನ್ನೇ ನೆಪ ಮಾಡುತ್ತಾರೆ.

ಮೊಬೈಲಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ. ಒಂದೇ ಚೌಕಟ್ಟಿನಲ್ಲಿ ಟಾಸ್ಕ್ ಮ್ಯಾನೇಜರಿನ ಶೇಕಡ 5, ಪಕ್ಕದಲ್ಲಿ 85 ಡಿಗ್ರಿ, ಎರಡೂ ಕಾಣಬೇಕು. "ಬಿಸಿ ಆಗ್ತದೆ" ಅಂದರೆ ಅಂಗಡಿಯವರು ಮುಟ್ಟಿ ನೋಡಿ ನಗುತ್ತಾರೆ. ಈ ಎರಡು ಅಂಕಿ ತೋರಿಸಿದರೆ ನಗುವುದಿಲ್ಲ. ಸರ್ವೀಸ್ ಸೆಂಟರಿಗೆ ಕೊಟ್ಟರೆ ದೂರನ್ನು ಬರೆದ ಜಾಬ್‌ಶೀಟ್ ಕೇಳಿ ಪಡೆಯಿರಿ. ಬಾಯಿಮಾತಿನಲ್ಲಿ "ಚೆಕ್ ಮಾಡಿದ್ವಿ, ಓಕೆ ಇದೆ" ಅಂದರೆ ಒಪ್ಪಬೇಡಿ. ಅಲ್ಲೂ ಸಾಗಹಾಕಿದರೆ 1915ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ.

ನನ್ನ ಅಂದಾಜು ಕೇಳಿದರೆ, ನಿಮ್ಮದು ಎರಡನೇ ಆಂಟಿವೈರಸ್ ಮತ್ತು ಹಾಸಿಗೆ. ತಪ್ಪಾಗಿದ್ದರೆ ಇನ್ನೊಂದು ಪತ್ರ ಹಾಕಿ.

ಪ್ರಶ್ನೆ: ಸರ್, ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆ. ಬಿಸಿಯಾಗಿ ಒಳಗೆ ವೈರ್ ಸುಟ್ಟಿದೆಯಾ?
– ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ವೈರ್ ಸುಟ್ಟಿಲ್ಲ. ಚಾರ್ಜರ್ ತೆಗೆದರೆ ಜುಮ್ ನಿಲ್ಲುತ್ತದಾ ನೋಡಿ. ನಿಂತರೆ ನಿಮ್ಮ ಮನೆಯ ಅರ್ತಿಂಗ್ ಕಡೆ ಹೋಗಬೇಕು. ಚಾರ್ಜರಿನೊಳಗಿನ ಫಿಲ್ಟರಿನಿಂದ ಚೂರೇ ಚೂರು ಕರೆಂಟು ಲ್ಯಾಪ್‌ಟಾಪಿನ ಲೋಹದ ಮೈಗೆ ಸೋರುತ್ತದೆ. ಮೂರನೇ ಪಿನ್ನಿನ ದಾರಿ ಸರಿಯಾಗಿದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಬೆರಳಿನ ಮೂಲಕ ಹೋಗುತ್ತದೆ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಪ್ಲಗ್ಗಿಗೆ ಸಿಕ್ಕಿಸಿದ್ದರೆ ಮೊದಲು ಆ ಎರಡು ಪಿನ್ನಿನ ಪ್ಲಗ್ಗನ್ನು ಕಿತ್ತೆಸೆಯಿರಿ. ನಿಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಅರ್ತಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ಎಷ್ಟು ದಿನ ಆಯಿತು? ಎಲೆಕ್ಟ್ರಿಷಿಯನ್ನನ್ನು ಕರೆದು ಗುಂಡಿಯ ಉಪ್ಪು, ಇದ್ದಿಲು ನೋಡಿಸಿ, ಅರ್ತ್ ಚೆಕ್ ಮಾಡಿಸಿ. ಅಲ್ಲಿಯವರೆಗೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟಬೇಡಿ. ಜುಮ್ ಅನ್ನದೇ ಕೈ ಎಳೆಯುವಂಥ ಶಾಕ್ ಹೊಡೆದರೆ ಆ ಚಾರ್ಜರನ್ನೇ ಬಳಸಬೇಡಿ.

ಪ್ರಶ್ನೆ: ಅಂಕಲ್, ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿ ಬೆಂಗಳೂರು ಬಸ್ ಹತ್ತಿದೆ. ಇಳಿದು ತೆಗೆದಾಗ ಇಸ್ತ್ರಿಪೆಟ್ಟಿಗೆ ಥರ ಕಾದಿತ್ತು, ಬ್ಯಾಟರಿ ಮೂರನೇ ಒಂದು ಪಾಲೂ ಇರಲಿಲ್ಲ.
– ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮುಚ್ಚಳ ಮುಚ್ಚಿದರೆ ಅದು ಮಲಗಿತು ಅಂದುಕೊಂಡೆ ನೀನು. ಹೊಸ ಲ್ಯಾಪ್‌ಟಾಪುಗಳ ಸ್ಲೀಪ್ ಮೊಬೈಲಿನ ಹಾಗೆ, ಒಂದು ಕಣ್ಣು ತೆರೆದೇ ಇರುತ್ತದೆ. ಮಧ್ಯೆ ಎದ್ದು ಅಪ್‌ಡೇಟ್ ನೋಡುತ್ತದೆ, ಮೇಲ್ ನೋಡುತ್ತದೆ. ಮೆತ್ತನೆ ಬ್ಯಾಗಿನೊಳಗೆ ಗಾಳಿ ಇಲ್ಲ. ಇಲ್ಲಿಂದ ಬೆಂಗಳೂರಿಗೆ 260 ಕಿಲೋಮೀಟರ್, ಅಷ್ಟು ಹೊತ್ತು ಅದು ತನ್ನ ಬಿಸಿಯಲ್ಲಿ ತಾನೇ ಬೆಂದಿದೆ. ಬ್ಯಾಟರಿಗೆ ಈ ಬಿಸಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕಂಟ್ರೋಲ್ ಪ್ಯಾನಲಿನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಅನ್ನುವ ಸಾಲಿದೆ. ಅಲ್ಲಿ ಹೈಬರ್ನೇಟ್ (ತೆರೆದ ಕೆಲಸ ಉಳಿಸಿಟ್ಟು ಪೂರ್ತಿ ಆರುವುದು) ಇಡು. ಪ್ರಯಾಣಕ್ಕೆ ಮಾತ್ರ ಪೂರ್ತಿ ಶಟ್‌ಡೌನ್ ಮಾಡು, ಫ್ಯಾನ್ ನಿಂತಿದ್ದು ಕೇಳಿಸಿಕೊಂಡು ಆಮೇಲೆ ಬ್ಯಾಗಿಗೆ ಹಾಕು.

ಪ್ರಶ್ನೆ: ಯುಗಾದಿಗೆ ತಂದ ಲ್ಯಾಪ್‌ಟಾಪ್. ಪೂಜೆ ಮಾಡಿದ ದಿನದಿಂದ ಫ್ಯಾನ್ ಟಿಕ್ ಟಿಕ್ ಅನ್ನುತ್ತದೆ, ಬಿಸಿಯೂ ಜಾಸ್ತಿ.
– ಹರಿಹರ

ಉತ್ತರ: ಅಕ್ಷತೆ ಹಾಕಿದಿರಾ? ನನ್ನ ಅಂಗಡಿಯಲ್ಲಿ ಒಂದು ಫ್ಯಾನಿನ ರೆಕ್ಕೆಯ ಸಂದಿನಿಂದ ಅರಿಶಿನ ಹಚ್ಚಿದ ಅಕ್ಕಿಕಾಳು ಚಿಮುಟದಲ್ಲಿ ಎತ್ತಿದ್ದೇನೆ. ನೀವು ಅಲುಗಾಡಿಸಿ ತೆಗೆಯಲು ಹೋಗಬೇಡಿ, ಊದಲೂ ಬೇಡಿ, ಇನ್ನೂ ಒಳಗೆ ಸೇರುತ್ತದೆ. ಆಫ್ ಮಾಡಿ ಸರ್ವೀಸ್ ಸೆಂಟರಿಗೇ ಕೊಡಿ, ಏನಾಯಿತು ಅಂತ ನಾಚದೆ ಹೇಳಿ. ಅವರೂ ಇಂಥದ್ದು ನೋಡಿರುತ್ತಾರೆ. ಮುಂದಿನ ಆಯುಧ ಪೂಜೆಗೆ ಮುಚ್ಚಳ ಮುಚ್ಚಿಟ್ಟು ಮೇಲೊಂದು ಹೂವು ಇಟ್ಟರೆ ಸಾಕು.